ಗಲ್ಲಿಯೊಳಗಿನ ಖಾನಾವಳಿಗೆ ಮ್ಯಾಪಿನಲ್ಲಿ ದಾರಿ

ಬಾದಾಮಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಗುಹೆ ನೋಡಿಕೊಂಡು ಇಳಿದು ಬಂದವರು ಫೋನ್ ಕೈಯಲ್ಲಿ ಹಿಡಿದೇ "ರೊಟ್ಟಿ ಊಟ ಎಲ್ಲಿ ಸಿಗುತ್ತೆ?" ಅಂತ ನನ್ನನ್ನು ಕೇಳುತ್ತಿದ್ದರು. ಹಿಂದಿನ ಗಲ್ಲಿಯಲ್ಲೇ ಅಕ್ಕನೊಬ್ಬರ ಖಾನಾವಳಿ ಇದೆ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಗೂಗಲ್ ಮ್ಯಾಪ್‌ನಲ್ಲಿ ಹುಡುಕಿದರೆ ಮಾತ್ರ ಅದು ಕಾಣುತ್ತಿರಲಿಲ್ಲ. ನನಗೆ ಸಂಕಟವಾಗುತ್ತಿತ್ತು. ಮ್ಯಾಪಿಗೆ ಸೇರಿಸೋಣ ಅಂತ ಅಕ್ಕನಿಗೆ ಹೇಳಿದೆ.

"ಅದಕ್ಕ ರೊಕ್ಕ ಎಷ್ಟಾಕ್ಕೈತೋ ತಮ್ಮಾ?" ಅಂದರು ಅಕ್ಕ.

"ಒಂದ್ ರೂಪಾಯಿನೂ ಇಲ್ಲಕ್ಕಾ, ಪುಕ್ಕಟ."

ಇದನ್ನು ಎಲ್ಲ ಅಂಗಡಿಯವರಿಗೂ ಹೇಳುತ್ತೇನೆ. ಮ್ಯಾಪಿಗೆ ಸೇರಿಸುತ್ತೇವೆ ಅಂತ ಫೋನ್ ಮಾಡಿ ದುಡ್ಡು ಕೇಳಿದರೆ ಕೊಡಬೇಡಿ.

ಜೂಮ್ ಮಾಡಿ ಹುಡುಕಿದಾಗ ಗೊತ್ತಾಯಿತು, ಯಾರೋ ಗಿರಾಕಿ ಹಿಂದೆಯೇ ಖಾನಾವಳಿಯನ್ನು ಸೇರಿಸಿದ್ದರು. ಹೆಸರು ತಪ್ಪು, ಜಾಗ ತೋರಿಸುವ ಗುರುತು, ಅಂದರೆ ಪಿನ್, ಇದ್ದದ್ದು ಮೇನ್ ರೋಡಿನಲ್ಲಿ. ಹೊಸದಾಗಿ ಇನ್ನೊಂದು ಮಾಡಿದ್ದರೆ ಒಂದೇ ಅಂಗಡಿ ಎರಡಾಗುತ್ತಿತ್ತು, ರಿವ್ಯೂಗಳೂ ಹಂಚಿಹೋಗುತ್ತಿದ್ದವು. ಅದಕ್ಕೇ ಹಳೆಯದನ್ನೇ ಅಕ್ಕನ ಹೆಸರಿಗೆ ಮಾಡಿಸಿಕೊಂಡೆವು. ಜಿಮೇಲ್ ಅಕ್ಕನದ್ದೇ, ಮ್ಯಾಪಿನ ಆ ಪುಟಕ್ಕೆ ನಾನು ಬರೀ ಮ್ಯಾನೇಜರ್. ನಾಳೆ ನಾನು ಊರು ಬಿಟ್ಟರೂ ಅಂಗಡಿಯ ಕೀಲಿಕೈ ಅವರ ಹತ್ತಿರವೇ ಇರಬೇಕಲ್ವಾ?

ಅಂಗಡಿ ನಿಮ್ಮದೇ ಅಂತ ತೋರಿಸಲು ಗೂಗಲ್ ನಮಗೆ ವಿಡಿಯೊ ಕೇಳಿತು. ಮೊದಲ ಸಲ ನಾನು ಅಡುಗೆಮನೆ, ಊಟದ ತಟ್ಟೆ ಚೆಂದವಾಗಿ ತೆಗೆದು ಕಳಿಸಿದೆ. ಒಪ್ಪಲಿಲ್ಲ. ತಪ್ಪು ನನ್ನದೇ. ಅವರಿಗೆ ಬೇಕಿದ್ದದ್ದು ಜಾಗದ ಗುರುತು, ಅಂಗಡಿಯ ಬೋರ್ಡು, ಮತ್ತೆ ನಡೆಸುವವರು ನೀವೇ ಅನ್ನುವುದಕ್ಕೆ ಸಾಕ್ಷಿ. ಎರಡನೇ ಸಲ ಗಲ್ಲಿಯ ಬಾಯಿಂದಲೇ ಶುರು ಮಾಡಿದೆ. ಪಕ್ಕದ ಅಂಗಡಿಗಳ ಬೋರ್ಡು, ನಮ್ಮ ಬೋರ್ಡು, ಅಕ್ಕ ಬೀಗ ತೆಗೆದು ಒಳಗೆ ಹೋಗುವುದು, ಗಲ್ಲಾಪೆಟ್ಟಿಗೆ ತೆರೆಯುವುದು. ನಡುವೆ ನಿಲ್ಲಿಸದೆ, ಕತ್ತರಿಸದೆ ಒಂದೇ ಓಟದಲ್ಲಿ ತೆಗೆಯಬೇಕು, 30 ಸೆಕೆಂಡಿಗಿಂತ ಕಡಿಮೆ ಇರಬಾರದು. ಈ ಸಲ ಪಾಸಾಯಿತು.

ಆಮೇಲೆ ಪಿನ್. ಜಾಸ್ತಿ ಹೊತ್ತು ಹಿಡಿದದ್ದು ಇದೇ. ಸ್ಯಾಟಲೈಟ್ ಚಿತ್ರದಲ್ಲಿ ತಗಡಿನ ಮಾಡುಗಳೆಲ್ಲ ಒಂದೇ ಥರ ಕಾಣುತ್ತವೆ. ಬಾಗಿಲ ಮುಂದೆಯೇ ನಿಂತು ಪಿನ್ ಸರಿಸಿದೆ. ಆಮೇಲೆ ಬಸ್ ಸ್ಟ್ಯಾಂಡಿಗೆ ಹೋಗಿ, ಮ್ಯಾಪ್ ಹೇಳಿದ ದಾರಿಯಲ್ಲೇ ನಡೆದು ಬಂದೆ. ಅದು ನನ್ನನ್ನು ಹಿತ್ತಲ ಗೋಡೆಗೆ ತಂದು ನಿಲ್ಲಿಸಿತು! ಮತ್ತೆ ಸರಿಸಿದೆ, ಮತ್ತೆ ನಡೆದೆ. ಬಿಸಿಲಲ್ಲಿ ಹಸಿದು ಬಂದವರು ಗೋಡೆ ನೋಡಿ ವಾಪಸ್ ಹೋಗಬಾರದು. ಈ ಕೆಲಸ ಕೂತಲ್ಲೇ ಆಗುವುದಿಲ್ಲ.

ಹೆಸರು ಬೋರ್ಡಿನಲ್ಲಿ ಇದ್ದ ಹಾಗೇ ಇಟ್ಟೆವು. ಮುಂದೆ "ಬೆಸ್ಟ್ ವೆಜ್ ಊಟ ಬಾದಾಮಿ" ಅಂತ ಬಾಲ ಹಚ್ಚುವುದು ನಿಯಮಕ್ಕೆ ವಿರುದ್ಧ. ರೊಟ್ಟಿ ಊಟ, ಉತ್ತರ ಕರ್ನಾಟಕ ಊಟ ಎಲ್ಲ ಮೆನು ಮತ್ತು ವಿವರಣೆಯಲ್ಲಿ ಹಾಕಿದೆವು, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಮಧ್ಯಾಹ್ನ ಮುಚ್ಚಿ ಸಂಜೆ ತೆರೆಯುವ ವೇಳೆಯನ್ನೂ ಸರಿಯಾಗಿ ಬರೆದೆವು. ಬನಶಂಕರಿ ಜಾತ್ರೆಯ ದಿನಗಳಿಗೆ ಬೇರೆ ವೇಳೆ.

ರಿವ್ಯೂ ಬರೆದರೆ ಒಂದು ರೊಟ್ಟಿ ಫ್ರೀ ಕೊಡೋಣ್ವಾ ಅಂತ ಅಕ್ಕನ ಮಗ ಕೇಳಿದ. ಬೇಡ ಅಂದೆ. ಅದಕ್ಕೂ ಅವಕಾಶವಿಲ್ಲ, ನನಗೂ ಮನಸ್ಸಿಲ್ಲ. ಊಟ ಮಾಡಿದವರಿಗೆ ರಿವ್ಯೂ ಬರೆಯುವ ಕ್ಯೂಆರ್ ಕೋಡ್ ತೋರಿಸುತ್ತೇವೆ, ಅಷ್ಟೇ. ಉಪ್ಪು ಜಾಸ್ತಿ ಅಂತ ಒಬ್ಬರು ಬರೆದಿದ್ದರು. ಅಕ್ಕ ಹೇಳಿದ್ದನ್ನೇ ಉತ್ತರವಾಗಿ ಹಾಕಿದೆ: "ಹೌದ್ರಿ, ಅವತ್ತ ಪಲ್ಯಾಕ ಉಪ್ಪ ಹೆಚ್ಚಾಗಿತ್ತು. ಇನ್ನೊಮ್ಮೆ ಬರ್ರಿ."

ಜನರೇ ಸೇರಿ ಮಾಡುವ ಓಪನ್‌ಸ್ಟ್ರೀಟ್‌ಮ್ಯಾಪ್‌ಗೂ ಸೇರಿಸಿದೆ, ಅಲ್ಲಿ ಕನ್ನಡದ ಹೆಸರಿಗೇ ಬೇರೆ ಜಾಗವಿದೆ. ನೆಟ್ ಇಲ್ಲದೆ ನಡೆಯುವ ಆರ್ಗ್ಯಾನಿಕ್ ಮ್ಯಾಪ್ಸ್ ಆ್ಯಪ್ ಇದರ ಮಾಹಿತಿಯನ್ನೇ ಬಳಸುತ್ತದೆ. ಸೈಕಲ್‌ನಲ್ಲಿ ಐಹೊಳೆ, ಪಟ್ಟದಕಲ್ಲು ಸುತ್ತುವವರಿಗೆ ಅನುಕೂಲ.

ಮೊನ್ನೆ ಮ್ಯಾಪ್ ನೋಡಿದರೆ ಅಮಾವಾಸ್ಯೆಗೆ ಖಾನಾವಳಿ ರಜೆ ಅಂತಿತ್ತು. ನಾನು ಹಾಕಿರಲಿಲ್ಲ. ಅಕ್ಕನೇ ತಮ್ಮ ಫೋನಿನಿಂದ ಹಾಕಿದ್ದರು.