ಕೊಟ್ಟ ಹಣ ಯಾವ ಬಿಲ್ಲಿನದು? ಟ್ಯಾಲಿಯಲ್ಲಿ ದೇಣಿ (ಕೊಡಬೇಕಾದ ಬಾಕಿ) ಲೆಕ್ಕ ಇಡುವ ಬಗೆ

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿ ಕಚೇರಿಗಳಲ್ಲಿ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಇರುತ್ತದೆ. ಆದರೂ ಸ್ಕ್ರ್ಯಾಪ್‌ನವರಿಗೆ ಎಷ್ಟು ಬಾಕಿ ಎಂದು ಕೇಳಿದರೆ ಲೆಕ್ಕಿಗರು ತೆರೆಯುವುದು ಡೈರಿ. ಬಿಲ್ ಏರಿಸಿರುತ್ತಾರೆ, ಹಣವನ್ನೂ ಕಳಿಸಿರುತ್ತಾರೆ, ಎರಡನ್ನೂ ಜೋಡಿಸಿರುವುದಿಲ್ಲ.

ತಯಾರಿ ಹತ್ತು ನಿಮಿಷದ್ದು. ಎಫ್11 ಕೀ ಒತ್ತಿ ಬಿಲ್‌-ವೈಸ್ ಎಂಟ್ರಿ ಚಾಲೂ ಮಾಡಿ. ಸರಬರಾಜುದಾರರ ಲೆಡ್ಜರನ್ನು (ಖಾತೆಯನ್ನು) ಸಂಡ್ರಿ ಕ್ರೆಡಿಟರ್ಸ್ (ನಾವು ಹಣ ಕೊಡಬೇಕಾದವರು) ಅಡಿಯಲ್ಲಿ ತೆರೆದು ಬಿಲ್‌-ಬೈ-ಬಿಲ್ ಎದುರು ಯೆಸ್ ಕೊಡಿ, ಉದ್ರಿ ದಿನ ತುಂಬಿ. ಹಳೆ ಬಾಕಿಯನ್ನು ಒಂದೇ ಮೊತ್ತವಾಗಿ ಹಾಕಬೇಡಿ, ಬಿಲ್ಲುವಾರು ಒಡೆದು ಬರೆಯಿರಿ.

ಖರೀದಿಗೆ ಎಫ್9. ಹೊರರಾಜ್ಯದ ಕೊಲ್ಹಾಪುರದ ಮಾಲಿಗೆ ಐಜಿಎಸ್‌ಟಿ, ರಾಜ್ಯದೊಳಗಿನ ಮಚ್ಛೆಯ ಮಷಿನಿಂಗ್ ಶೆಡ್ಡಿನ ಬಿಲ್ಲಿಗೆ ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ. ನ್ಯೂ ರೆಫ್‌ನಲ್ಲಿ (ಹೊಸ ಬಿಲ್ಲಿನ ಗುರುತು) ಸರಬರಾಜುದಾರರ ಬಿಲ್ ನಂಬರನ್ನೇ ಹಾಕಿ. ವಾಟ್ಸ್ಆ್ಯಪ್ ಫೋಟೊ ನೋಡಿ ಎಂಟ್ರಿ ಹೊಡೆಯಲೇಬೇಡಿ. ಲಾರಿ ಜೊತೆ ಮೂಲ ಪ್ರತಿ ಬಂದಾಗ ಅದೇ ಬಿಲ್ ಇನ್ನೊಮ್ಮೆ ಏರುತ್ತದೆ. ಮೂಲ ಬಿಲ್ಲಿಗೆ ತೂಕದ ಚೀಟಿ ಪಿನ್ ಆದ ಮೇಲೆಯೇ ಎಂಟ್ರಿ.

ಎಡವುವುದು ಎಫ್5ರ ಪಾವತಿಯಲ್ಲಿ. ಮೊತ್ತ ಹೊಡೆದೊಡನೆ ಟ್ಯಾಲಿ ರೆಫ್ (ಯಾವ ಬಿಲ್ಲಿನ ಹಣ ಎಂದು) ಕೇಳುತ್ತದೆ; ಅವಸರದಲ್ಲಿ ಆನ್ ಅಕೌಂಟ್ (ಯಾವ ಬಿಲ್ಲಿಗೂ ಜೋಡಿಸದ ಹಣ) ಒತ್ತಿ ಮುಂದೆ ಹೋಗುತ್ತಾರೆ. ಲೆಡ್ಜರಿನ ಒಟ್ಟು ಬಾಕಿ ಸರಿಯಾಗಿಯೇ ಕಾಣುತ್ತದೆ, ಬಿಲ್ಲುಗಳು ಮಾತ್ರ ಹಾಗೇ ತೆರೆದಿರುತ್ತವೆ. ಅಗೆನ್ಸ್ಟ್ ರೆಫ್ ಆರಿಸಿದರೆ ಬಾಕಿ ಬಿಲ್ಲುಗಳ ಪಟ್ಟಿ ಬರುತ್ತದೆ, ಅದರಿಂದಲೇ ಎತ್ತಿಕೊಳ್ಳಿ.

118ನೇ ನಂಬರಿನ ಬಿಲ್ ಎಂದುಕೊಳ್ಳಿ. ಮಾಲು ₹2,00,000, ತೆರಿಗೆ ₹36,000, ಒಟ್ಟು ₹2,36,000. ತೂಕ ಶೇ 5 ಕಡಿಮೆ ಬಂತು. ಹಣ ಮುರಿದುಕೊಂಡು ಕಳಿಸಿ ಸುಮ್ಮನಾದರೆ ಆ ₹11,800 ವರ್ಷಗಟ್ಟಲೆ ಬಾಕಿ ಎಂದೇ ಕಾಣುತ್ತದೆ. ಆಲ್ಟ್ ಎಫ್5ರಲ್ಲಿ ಡೆಬಿಟ್ ನೋಟ್ (ಅವರ ಬಾಕಿಯಿಂದ ಅಷ್ಟು ಕಳೆಯುವ ಎಂಟ್ರಿ) ಮಾಡಿ, ಅಗೆನ್ಸ್ಟ್ ರೆಫ್‌ನಲ್ಲಿ 118ಕ್ಕೇ ಕಟ್ಟಿ. ನಂತರ ₹2,24,200 ಪಾವತಿಸಿದರೆ ಬಿಲ್ ಮುಚ್ಚುತ್ತದೆ. ಸರಬರಾಜುದಾರರಿಂದ ಅಷ್ಟಕ್ಕೆ ಕ್ರೆಡಿಟ್ ನೋಟನ್ನೂ ಕೇಳಿ ತರಿಸಿ.

ಮುಂಗಡ ಕೊಟ್ಟಿದ್ದರೆ ಅಡ್ವಾನ್ಸ್ ಎಂದೇ ಬರೆಯಿರಿ. ಬಿಲ್ ಏರಿಸುವಾಗ ಅಷ್ಟನ್ನು ಅಗೆನ್ಸ್ಟ್ ರೆಫ್‌ನಿಂದ ಕಳೆದು, ಉಳಿದದ್ದಕ್ಕೆ ಮಾತ್ರ ನ್ಯೂ ರೆಫ್ ಮಾಡಿ. ಇದನ್ನು ಮರೆತರೆ ಮುಂಗಡದಷ್ಟು ಹಣ ಎರಡು ಸಲ ಹೋಗುತ್ತದೆ.

(ಪೆನ್‌ಡ್ರೈವಿನಲ್ಲಿ ಸಿಗುವ ಟ್ಯಾಲಿಯ ಕದ್ದ ಪ್ರತಿ ಬೇಡವೇ ಬೇಡ. ಬಿಲ್ಲುವಾರು ಹೊಂದಾಣಿಕೆ ಇಲ್ಲದ ಪುಕ್ಕಟೆ ಮೊಬೈಲ್ ಆ್ಯಪ್‌ಗಳು ಕಿರಾಣಿ ಉದ್ರಿಗೆ ಸಾಕು, ಫೌಂಡ್ರಿಗಲ್ಲ.)

ವಾರಕ್ಕೊಮ್ಮೆ ಆಲ್ಟ್ ಜಿ ಒತ್ತಿ ಬಿಲ್ಸ್ ಪೇಯಬಲ್ (ಕೊಡಬೇಕಾದ ಬಿಲ್ಲುಗಳ ಪಟ್ಟಿ) ತೆಗೆಯಿರಿ. ಸರ್ಕಾರದ ಉದ್ಯಮ್ ನೋಂದಣಿಯಿರುವ ಸೂಕ್ಷ್ಮ, ಸಣ್ಣ ತಯಾರಕರು ಮತ್ತು ಜಾಬ್ ವರ್ಕ್‌ನವರಿಗೆ ಲಿಖಿತ ಕರಾರಿಲ್ಲದಿದ್ದರೆ 15 ದಿನ, ಇದ್ದರೆ ಹೆಚ್ಚೆಂದರೆ 45 ದಿನದೊಳಗೆ ಹಣ ಮುಟ್ಟಬೇಕು. ಗಡುವು ದಾಟಿ ಮಾರ್ಚ್ 31ಕ್ಕೂ ಬಾಕಿ ಉಳಿದರೆ ಆ ಖರ್ಚು ಆ ವರ್ಷದ ಆದಾಯ ತೆರಿಗೆ ಲೆಕ್ಕದಲ್ಲಿ ಸಿಗದು. ಯಾರ ಬಿಲ್ಲೇ ಇರಲಿ, ಹಣ ಕೊಡದೆ 180 ದಿನ ದಾಟಿದರೆ ಪಡೆದ ಜಿಎಸ್‌ಟಿ ಕ್ರೆಡಿಟ್ಟನ್ನು ಬಡ್ಡಿ ಸಹಿತ ಹಿಂದಿರುಗಿಸಬೇಕು.

ಸರಬರಾಜುದಾರರ ಬ್ಯಾಂಕ್ ಖಾತೆ ನಂಬರ್ ಬದಲಾಗಿದೆ ಎಂದು ಮೇಲ್ ಬಂದರೆ ಲೆಡ್ಜರ್ ಮುಟ್ಟಬೇಡಿ. ಮೇಲಿನಲ್ಲಿರುವ ನಂಬರಿಗಲ್ಲ, ನಿಮ್ಮ ಬಳಿಯಿರುವ ಹಳೆ ನಂಬರಿಗೆ ಫೋನ್ ಹಚ್ಚಿ ಕೇಳಿ, ರದ್ದಾದ ಚೆಕ್ ತರಿಸಿಕೊಂಡು ಆಮೇಲೆ ತಿದ್ದಿ.