ಅಂಗಳದಲ್ಲಿ ಸುಣ್ಣದ ಗೆರೆ: ಪುಟ್ಟ ಸ್ಪೋರ್ಟ್ಸ್ ಕಾರನ್ನು ಅಳೆದು ನೋಡುವುದು ಹೇಗೆ?

ಬೇಕಾಗುವ ಸಾಮಾನು: 5 ಮೀಟರಿನ ಒಂದು ಟೇಪು, ಎರಡು ಮುಷ್ಟಿ ಸುಣ್ಣದ ಪುಡಿ, ನಾಲ್ಕೈದು ರಟ್ಟಿನ ಪೆಟ್ಟಿಗೆ, ಒಂದು ಊಟದ ಮಣೆ. ಕಾರು ಬೇಡ. ಅದನ್ನು ಆಮೇಲೆ ನೋಡುವ.

ನನ್ನ ಭಾವ ಹದಿನೆಂಟು ವರ್ಷ ದುಬೈಯಲ್ಲಿದ್ದು ಈಗ ಉಡುಪಿ ಹತ್ತಿರದ ಹಳೆ ಮನೆಗೆ ವಾಪಸ್ ಬರುವ ತಯಾರಿಯಲ್ಲಿದ್ದಾರೆ. ಅಲ್ಲಿ ಎರಡು ಸೀಟಿನ ಮಾಜ್ದಾ ಎಂಎಕ್ಸ್-5 ಓಡಿಸಿ ರುಚಿ ಹತ್ತಿದೆ. ಇಲ್ಲಿಗೂ ಅಂಥದ್ದೇ ಒಂದು ಬೇಕಂತೆ. "ಚಿಕ್ಕ ಕಾರಲ್ವಾ, ನಮ್ಮ ಓಣಿಗೆ ಸರಿಯಾಗ್ತದೆ" ಎಂದು ಫೋನಿನಲ್ಲಿ ಹೇಳಿದರು. ಚಿಕ್ಕದು ಅಂದರೆ ಎಷ್ಟು ಚಿಕ್ಕದು? ಗೊತ್ತಿಲ್ಲದೆ ಸುಮ್ನೆ ಹೂಂಗುಟ್ಟುವುದು ನನಗೆ ಆಗುವುದಿಲ್ಲ. ಭಾನುವಾರ ಬೆಳಿಗ್ಗೆ ಟೇಪು ಹಿಡಿದು ಅಂಗಳಕ್ಕೆ ಇಳಿದೆ. ನೀವೂ ಹೀಗೆಯೇ ಮಾಡಬಹುದು.

ಮೊದಲ ಹೆಜ್ಜೆ: ಗೆರೆ ಎಳೆಯಿರಿ

ಕಬಡ್ಡಿ ಅಂಕಣಕ್ಕೆ ಎಳೆದ ಹಾಗೆ ಸುಣ್ಣದಲ್ಲಿ ಕಾರಿನ ಉದ್ದ, ಅಗಲದ ಚೌಕ ಎಳೆಯಬೇಕು. ಒಂದೇ ಕಾರಿನದು ಎಳೆದರೆ ಪ್ರಯೋಜನವಿಲ್ಲ. ಪಕ್ಕದಲ್ಲಿ ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಕಾರಿನ ಚೌಕವೂ ಇರಬೇಕು. ನಾನು ಸ್ವಿಫ್ಟ್ ಆರಿಸಿದೆ. ನಮ್ಮ ಕಡೆ ನಾಲ್ಕು ಮನೆಗೊಂದು ಸ್ವಿಫ್ಟ್ ಉಂಟು, ಅದರ ಗಾತ್ರ ಎಲ್ಲರ ಕಣ್ಣಿಗೂ ಕೂತಿದೆ.

2024ರಲ್ಲಿ ಬಂದ ಸ್ವಿಫ್ಟ್: ಉದ್ದ 3860 ಮಿ.ಮೀ., ಅಗಲ 1735. ಈಗಿನ ಎಂಎಕ್ಸ್-5: ಉದ್ದ 3915, ಅಗಲ ಅದೇ 1735. ಎರಡು ಚೌಕ ಎಳೆದು ದೂರ ನಿಂತು ನೋಡಿ. ಯಾವುದು ಯಾವ ಕಾರಿನದು ಎಂದು ಹೇಳಲಿಕ್ಕೇ ಆಗುವುದಿಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರು ನೆಲದ ಮೇಲೆ ನಮ್ಮ ಸ್ವಿಫ್ಟ್‌ಗಿಂತ 5.5 ಸೆಂ.ಮೀ. ಉದ್ದ! "ಚಿಕ್ಕ ಕಾರು" ಎಂಬ ಮಾತು ಅಲ್ಲಿಗೇ ಅರ್ಧ ಬಿದ್ದುಹೋಯಿತು. ಚಿಕ್ಕದಾಗಿ ಕಾಣುವುದು ಎತ್ತರದಿಂದ. ಸ್ವಿಫ್ಟ್ 1520 ಮಿ.ಮೀ. ಎತ್ತರ, ಇದು ಸುಮಾರು 1230.

ನಿಜವಾಗಿಯೂ ಚಿಕ್ಕದು ಬೇಕಾದರೆ ಜಪಾನಿನ ಕೇ ಕಾರುಗಳನ್ನು ನೋಡಬೇಕು. ಅಲ್ಲಿ ಕಾನೂನೇ ಹೇಳುತ್ತದೆ, ಉದ್ದ 3.4 ಮೀಟರ್, ಅಗಲ 1.48 ಮೀಟರ್, ಎಂಜಿನ್ 660 ಸಿಸಿ ದಾಟಬಾರದು ಎಂದು. 2015ರಿಂದ 2022ರವರೆಗೆ ತಯಾರಾದ ಹೋಂಡಾ ಎಸ್660 ಈ ಲೆಕ್ಕದ್ದು: 3395 ಉದ್ದ, 1475 ಅಗಲ. ಆಲ್ಟೋಗಿಂತಲೂ ಗಿಡ್ಡ. ಇದರ ಚೌಕ ಎಳೆದಾಗ ಪಕ್ಕದ ಮನೆ ಹುಡುಗ ಬಂದು, "ಇದು ಯಾವ ಆಟಕ್ಕೆ?" ಎಂದು ಕೇಳಿದ.

ಎರಡನೆಯದು: ಬಾಗಿಲು

ಎಲ್ಲರೂ ಇಲ್ಲೇ ಎಡವುವುದು. ಕಾರು ಶೆಡ್ಡಿನೊಳಗೆ ಹೋಗುತ್ತದೆಯೇ ಎಂದು ನೋಡುತ್ತಾರೆ, ಒಳಗೆ ಹೋದ ಮೇಲೆ ಮನುಷ್ಯ ಹೊರಗೆ ಬರುತ್ತಾನೆಯೇ ಎಂದು ನೋಡುವುದಿಲ್ಲ.

ಹಂಚಿನ ಮನೆಯ ಬದಿಗೆ ಇಳಿಸಿ ಕಟ್ಟಿದ ಶೆಡ್ಡು ಭಾವನದ್ದು. ಒಳಗಿನ ಅಗಲ 8 ಅಡಿ, ಅಂದರೆ 2438 ಮಿ.ಮೀ. ಅದರಲ್ಲಿ 1735 ಕಳೆದರೆ ಉಳಿಯುವುದು 703. ಕಾರು ನಡುವೆ ನಿಂತರೆ ಎರಡೂ ಬದಿ 35 ಸೆಂ.ಮೀ. ಒಂದು ಬದಿ ಗೋಡೆಗೆ ಒತ್ತಿ ನಿಲ್ಲಿಸಿದರೂ ಕನ್ನಡಿಗೆ ಒಂದು ಗೇಣಿನಷ್ಟು ಬಿಡಬೇಕು. ಕಂಪನಿಗಳು ಕೊಡುವ ಅಗಲದಲ್ಲಿ ಸಾಮಾನ್ಯವಾಗಿ ಕನ್ನಡಿ ಸೇರಿರುವುದಿಲ್ಲ, ನೆನಪಿರಲಿ. ಇದು ತಿಳಿಯದೆ ನಾನೊಮ್ಮೆ ಗೇಟಿನ ಕೆಂಪುಕಲ್ಲಿನ ಕಂಬಕ್ಕೆ ಒಂದು ಕನ್ನಡಿ ಅರ್ಪಿಸಿದ್ದೇನೆ.

ಈಗ ಎರಡು ಬಾಗಿಲಿನ ಕಾರಿನ ತಾಪತ್ರಯ ಕೇಳಿ. ನಾಲ್ಕು ಬಾಗಿಲಿನ ಕಾರಿನಲ್ಲಿ ಬಾಗಿಲು ಗಿಡ್ಡ, ಸೀಟು ಎತ್ತರ. ಸ್ವಲ್ಪ ತೆರೆದರೂ ಕಾಲು ಹೊರಗಿಟ್ಟು ಎದ್ದುಬಿಡಬಹುದು. ಸ್ಪೋರ್ಟ್ಸ್ ಕಾರಿನಲ್ಲಿ ಬಾಗಿಲು ಉದ್ದ, ಸೀಟು ನೆಲದ ಹತ್ತಿರ. ಕಾಲು ಹೊರಗೆ ಚಾಚಿ, ಮೈ ತಿರುಗಿಸಿ, ಆಮೇಲೆ ಏಳಬೇಕು. ಅದಕ್ಕೆ ಜಾಸ್ತಿ ಜಾಗ ಬೇಕು. ಪರೀಕ್ಷೆಗೆ ಮಣೆ ತನ್ನಿ. ಗೋಡೆಯಿಂದ ನಿಮ್ಮ ಶೆಡ್ಡಿನಲ್ಲಿ ಉಳಿಯುವಷ್ಟೇ ದೂರದಲ್ಲಿ ಇಡಿ. ಮೇಲೊಂದು ದಿಂಬು ಹಾಕಿ, ಕಾಲು ಮುಂದೆ ಚಾಚಿ ಕೂತು, ಕೈಯಲ್ಲಿ ಏನೂ ಹಿಡಿಯದೆ ಗೋಡೆಯ ಬದಿಗೆ ಏಳಿ ನೋಡಿ. ನನಗೆ ಎರಡನೇ ಸಲಕ್ಕೆ ಆಯಿತು. ಅತ್ತೆಯನ್ನು ಕೇಳಿದೆ. ಅವರು ಮಣೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಒಳಗೆ ಹೋದರು.

ಮೂರನೆಯದು: ಡಿಕ್ಕಿ ತುಂಬಿಸಿ

ಡಿಕ್ಕಿಯ ಗಾತ್ರವನ್ನು ಲೀಟರಿನಲ್ಲಿ ಹೇಳುತ್ತಾರೆ. ನೀರು ತುಂಬಿಸಿ ಅಳೆಯುವುದಲ್ಲ. ಜರ್ಮನಿಯವರ ಕ್ರಮದಲ್ಲಿ 200×100×50 ಮಿ.ಮೀ. ಅಳತೆಯ, ಸರಿಯಾಗಿ ಒಂದೊಂದು ಲೀಟರಿನ ಇಟ್ಟಿಗೆಯಂಥ ತುಂಡುಗಳನ್ನು ಜೋಡಿಸಿ ಎಷ್ಟು ಹಿಡಿಯಿತೆಂದು ಎಣಿಸುತ್ತಾರೆ. ಆದ್ದರಿಂದ ಮೂಲೆಯ ಸಣ್ಣ ಸಣ್ಣ ಸಂದಿಯೂ ಲೆಕ್ಕಕ್ಕೆ ಬರುತ್ತದೆ. ಆ ಸಂದಿಯಲ್ಲಿ ಇಟ್ಟಿಗೆ ಕೂರಬಹುದು, ಹಲಸಿನ ಹಣ್ಣು ಕೂರುವುದಿಲ್ಲ.

ಎಂಎಕ್ಸ್-5ರ ಡಿಕ್ಕಿ 130 ಲೀಟರ್, ಸ್ವಿಫ್ಟಿನದು 265. ಕುಡಿಯುವ ನೀರಿನ 20 ಲೀಟರಿನ ಕ್ಯಾನು ಗೊತ್ತಲ್ಲ? ಲೆಕ್ಕದಲ್ಲಿ ಆರೂವರೆ ಕ್ಯಾನಿನಷ್ಟು ಜಾಗ. ಹಾಗೆಂದು ಆರು ಕ್ಯಾನು ಹಿಡಿಯುತ್ತದೆ ಎಂದಲ್ಲ, ಡಿಕ್ಕಿಯ ಬಾಯಿ ಸಣ್ಣದು. ರಟ್ಟಿನ ಪೆಟ್ಟಿಗೆ ಬೇಕಾಗುವುದು ಇದಕ್ಕೇ. ನಿಮ್ಮ ವಾರದ ಸಾಮಾನು ಎಷ್ಟು ಪೆಟ್ಟಿಗೆಯಾಗುತ್ತದೆ ನೋಡಿ, ಅದನ್ನು ಗೆರೆಯೊಳಗೆ ಹಿಂಬದಿಯಲ್ಲಿ ಪೇರಿಸಿ. ನಮ್ಮ ಲೆಕ್ಕ: 25 ಕೆ.ಜಿ. ಕುಚ್ಚಲಕ್ಕಿಯ ಚೀಲ ಒಂದು, ತರಕಾರಿ, ಮಲ್ಪೆಯಿಂದ ತಂದ ಬಂಗುಡೆ. ಅಕ್ಕಿ ಮತ್ತು ತರಕಾರಿಗೆ ಡಿಕ್ಕಿ ಸಾಕು. ಮೀನಿಗೂ ಜಾಗವಿದೆ. ಆದರೆ ಇಷ್ಟು ಸಣ್ಣ ಕಾರಿನಲ್ಲಿ ಬಂಗುಡೆಯೂ ನೀವೂ ದೂರ ದೂರ ಕೂರಲಿಕ್ಕಾಗುವುದಿಲ್ಲ.

ಮಾಡು, ಅಂದರೆ ಮೇಲ್ಛಾವಣಿ, ತೆಗೆಯುವ ಕಾರಾದರೆ ಇನ್ನೊಂದು ಪ್ರಶ್ನೆ ಕೇಳಲೇಬೇಕು: ತೆಗೆದ ಮಾಡು ಎಲ್ಲಿಗೆ ಹೋಗುತ್ತದೆ? ಎಂಎಕ್ಸ್-5ರಲ್ಲಿ ಬಟ್ಟೆಯ ಮಾಡು ಸೀಟಿನ ಹಿಂದೆ ಮಡಚಿ ಕೂರುತ್ತದೆ, ಡಿಕ್ಕಿ ಹಾಗೇ ಉಳಿಯುತ್ತದೆ. 1991ರಲ್ಲಿ ಬಂದ ಸುಜುಕಿ ಕ್ಯಾಪುಚಿನೋದಲ್ಲಿ ಮಾಡಿನ ಹಲಗೆಗಳನ್ನು ಬಿಚ್ಚಿ ಡಿಕ್ಕಿಯಲ್ಲೇ ಇಡಬೇಕು. ಇಟ್ಟ ಮೇಲೆ ಡಿಕ್ಕಿ ಮುಗಿಯಿತು. ಎಸ್660ರಲ್ಲಿ ಚಾಪೆಯ ಹಾಗೆ ಸುತ್ತಿ ಮುಂದಿನ ಬಾನೆಟಿನ ಕೆಳಗಿನ ಪೆಟ್ಟಿಗೆಗೆ ತುರುಕಬೇಕು. ಆ ಕಾರಿನಲ್ಲಿ ಸಾಮಾನಿಗೆಂದು ಇರುವ ಜಾಗ ಅದೊಂದೇ ಎನ್ನಬಹುದು. ಗಾಳಿ ಬೇಕಾ, ಚೀಲ ಬೇಕಾ, ಒಂದನ್ನು ಆರಿಸಿಕೊಳ್ಳಿ.

ನಾಲ್ಕನೆಯದು: ತೂಕದ ಲೆಕ್ಕ

ಚಿಕ್ಕದು ಬೇರೆ, ಹಗುರ ಬೇರೆ. ಸ್ವಿಫ್ಟ್ ಸುಮಾರು 920 ಕೆ.ಜಿ., ಎಂಎಕ್ಸ್-5 ಅದಕ್ಕಿಂತ ಸ್ವಲ್ಪ ಜಾಸ್ತಿಯೇ. ಆದರೆ ತೂಕ ಹೋಲಿಸುವ ಮೊದಲು ಯಾರ ಲೆಕ್ಕ ಎಂದು ನೋಡಿ. 2015ರಲ್ಲಿ ಯುರೋಪಿನಲ್ಲಿ 1.5 ಲೀಟರಿನ ಎಂಎಕ್ಸ್-5ಗೆ 975 ಕೆ.ಜಿ. ಎಂದೂ ಬರೆದರು, 1050 ಎಂದೂ ಬರೆದರು. ಎರಡೂ ಸುಳ್ಳಲ್ಲ. ಎರಡನೆಯದರಲ್ಲಿ 75 ಕೆ.ಜಿ.ಯ ಡ್ರೈವರ್ ಕೂತಿದ್ದಾನೆ. ಇನ್ನು ಕೆಲವರು ಪೆಟ್ರೋಲು, ಆಯಿಲು, ನೀರು ಯಾವುದೂ ಇಲ್ಲದ ಒಣ ತೂಕ ಹೇಳುತ್ತಾರೆ. ಆಲ್ಫಾ ರೋಮಿಯೋ 4ಸಿಗೆ 895 ಕೆ.ಜಿ. ಎಂದು ಹೇಳುವುದು ಅಂಥ ಲೆಕ್ಕ. 40 ಲೀಟರ್ ಪೆಟ್ರೋಲೇ ಸುಮಾರು 30 ಕೆ.ಜಿ. ತೂಗುತ್ತದೆ. ಬಾಳೆಹಣ್ಣನ್ನು ಗೊನೆಯ ದಂಡು ಬಿಟ್ಟು ತೂಗಿದ್ದಾ, ಸೇರಿಸಿ ತೂಗಿದ್ದಾ ಎಂದು ಅಂಗಡಿಯಲ್ಲಿ ಕೇಳುವುದಿಲ್ಲವೇ? ಹಾಗೆ.

ಆಮೇಲೆ ಶಕ್ತಿಯನ್ನು ತೂಕದಿಂದ ಭಾಗಿಸಿ. ಸ್ವಿಫ್ಟ್ 82 ಅಶ್ವಶಕ್ತಿ, ಟನ್ನಿಗೆ 89. ಎಂಎಕ್ಸ್-5ರ 1.5 ಲೀಟರ್ ಎಂಜಿನಿನದು 131 ಅಶ್ವಶಕ್ತಿ, ಟನ್ನಿಗೂ ಹೆಚ್ಚುಕಡಿಮೆ ಅಷ್ಟೇ. ಎಸ್660 64 ಅಶ್ವಶಕ್ತಿ, 830 ಕೆ.ಜಿ., ಟನ್ನಿಗೆ 77. ಕಾಗದದ ಮೇಲೆ ಸ್ವಿಫ್ಟ್ ಅದನ್ನು ಸೋಲಿಸಿತು ನೋಡಿ. ಬ್ರಿಟನ್ನಿನ ಕ್ಯಾಟರ್‌ಹ್ಯಾಮ್ ಸೆವೆನ್ 170 ಎಂಬುದೊಂದಿದೆ. ಬಾಗಿಲು, ಮಾಡು ಎಲ್ಲ ಹೆಸರಿಗೆ ಮಾತ್ರ. ಅದರೊಳಗೆ ಇರುವುದು ಸುಜುಕಿಯ 660 ಸಿಸಿ ಟರ್ಬೊ ಎಂಜಿನ್. 85ರಷ್ಟು ಅಶ್ವಶಕ್ತಿ, ತೂಕ ಬರೀ 440 ಕೆ.ಜಿ. ಟನ್ನಿಗೆ 193!

ಇಲ್ಲಿಗೆ ನಿಲ್ಲಿಸಬೇಡಿ. 150 ಕೆ.ಜಿ. ಸೇರಿಸಿ, ಅಂದರೆ ಇಬ್ಬರು ಜನ. ಕ್ಯಾಟರ್‌ಹ್ಯಾಮ್ 193ರಿಂದ 144ಕ್ಕೆ ಇಳಿಯಿತು. ಸ್ವಿಫ್ಟ್ 89ರಿಂದ 77ಕ್ಕೆ. ಕಾರು ಹಗುರವಾದಷ್ಟೂ ಒಳಗೆ ಕೂತವರ ತೂಕ ಅದಕ್ಕೆ ಜಾಸ್ತಿ ತಿಳಿಯುತ್ತದೆ. ಕೋರಿ ರೊಟ್ಟಿ ತಿಂದು ಹೊರಟರೆ ಕ್ಯಾಟರ್‌ಹ್ಯಾಮಿಗೆ ಗೊತ್ತಾಗುತ್ತದೋ ಏನೋ.

ಹಗುರ ಇರುವುದರ ಸುಖ ಎಲ್ಲಿ ಗೊತ್ತಾಗುತ್ತದೆ ಎಂದರೆ ಆಗುಂಬೆಯಲ್ಲಿ. ಹೆಬ್ರಿ ದಾಟಿ ಸೋಮೇಶ್ವರದಿಂದ ಮೇಲೆ 14 ತಿರುವು. ಇಳಿಯುವಾಗ ಬ್ರೇಕಿಗೆ ಬರುವ ಬಿಸಿ ಕಾರಿನ ತೂಕಕ್ಕೆ ತಕ್ಕ ಹಾಗೆ. ಅರ್ಧ ತೂಕಕ್ಕೆ ಅರ್ಧ ಬಿಸಿ. ಪ್ರತಿ ತಿರುವಿನಲ್ಲಿ ಟೈರು ಹೊರಬೇಕಾದ ಭಾರವೂ ಹಾಗೇ. ಭಾವನ ಆಸೆ ನನಗೆ ಅರ್ಥವಾಗುವುದು ಈ ಘಾಟಿಯನ್ನು ನೆನೆಸಿದಾಗ ಮಾತ್ರ. ಎಂಎಕ್ಸ್-5ರ ತಿರುಗುವ ತ್ರಿಜ್ಯ 4.7 ಮೀಟರ್, ಸ್ವಿಫ್ಟಿನದು 4.8. ಅದರಲ್ಲಿ ಜಗಳವಿಲ್ಲ.

ಐದನೆಯದು: ಹಂಪು

ಇದಕ್ಕೆ ಸ್ವಲ್ಪ ಹೊತ್ತು ಕೊಡಿ. ನಮ್ಮೂರಿನಲ್ಲಿ ಇಂಥ ಕಾರಿನ ಹಣೆಬರಹ ಬರೆಯುವುದು ಹಂಪೇ.

ಹಂಪು ಹೇಗಿರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳಿದೆ: 3.7 ಮೀಟರ್ ಅಗಲ, ನಡುವೆ 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ಕಮಾನು. ಇಂಥ ಹಂಪಿನ ಮೇಲೆ ಕಾರಿನ ಮುಂದಿನ, ಹಿಂದಿನ ಎರಡೂ ಚಕ್ರ ಕಮಾನಿನ ಮೇಲೇ ಇರುತ್ತವೆ. ಹೊಟ್ಟೆಯ ಕೆಳಗೆ ಎಷ್ಟು ಉಬ್ಬುತ್ತದೆ? ಚಕ್ರಗಳ ನಡುವಿನ ದೂರವನ್ನು ಅದರಿಂದಲೇ ಗುಣಿಸಿ, 136ರಿಂದ ಭಾಗಿಸಿ. 136 ಅಂದರೆ 17ರ ಎಂಟರಷ್ಟು. ಎಂಎಕ್ಸ್-5ಗೆ ಆ ದೂರ 2.31 ಮೀಟರ್, ಉತ್ತರ 0.039. ಅಂದರೆ ಬರೀ 4 ಸೆಂ.ಮೀ. ಅದರ ಹೊಟ್ಟೆ ನೆಲದಿಂದ ಸುಮಾರು 13.5 ಸೆಂ.ಮೀ. ಮೇಲಿದೆ. ಆರಾಮವಾಗಿ ದಾಟುತ್ತದೆ.

ಆದರೆ ನಮ್ಮ ಓಣಿಯ ಹಂಪು ಯಾರ ಪುಸ್ತಕವನ್ನೂ ಓದಿ ಹುಟ್ಟಿದ್ದಲ್ಲ. ಎರಡು ಅಡಿ ಅಗಲ, ಮೇಲೆ ಕಟ್ಟೆಯ ಹಾಗೆ ಚೂಪು. ಇದರ ಮೇಲೆ ಮುಂದಿನ ಚಕ್ರ ಇಳಿದು ನೆಲ ಮುಟ್ಟಿರುತ್ತದೆ, ಹಿಂದಿನದು ಇನ್ನೂ ಹತ್ತಿರುವುದಿಲ್ಲ. ಆಗ ಹಂಪಿನ ಪೂರ್ತಿ ಎತ್ತರ ಹೊಟ್ಟೆಗೆ ಬರುತ್ತದೆ. ಕಮಾನಿನ ಲೆಕ್ಕ ಎಲ್ಲ ಸುಳ್ಳು. ಆದ್ದರಿಂದ ನಿಮ್ಮ ಮನೆಯಿಂದ ದೊಡ್ಡ ರಸ್ತೆಯವರೆಗೆ ನಡೆದು ಪ್ರತಿ ಹಂಪಿನ ಎತ್ತರ ಅಳೆಯಿರಿ. ಹಂಪಿನ ಎರಡೂ ಬದಿ ಒಂದೊಂದು ಇಟ್ಟಿಗೆ ನಿಲ್ಲಿಸಿ, ಅಡ್ಡ ನೂಲು ಬಿಗಿದು, ನೂಲಿನಿಂದ ಹಂಪಿನ ತುದಿಗೆ ಟೇಪು ಹಿಡಿದು, ಅಷ್ಟನ್ನು ಇಟ್ಟಿಗೆಯ ಎತ್ತರದಿಂದ ಕಳೆದರೆ ಲೆಕ್ಕ ಸಿಗುತ್ತದೆ. ಕಾರಿನಲ್ಲಿ ಇಬ್ಬರು ಕೂತಾಗ ಹೊಟ್ಟೆ ಇನ್ನೂ ಸ್ವಲ್ಪ ತಗ್ಗುತ್ತದೆ, ಅದಕ್ಕೆ ಎರಡು ಸೆಂ.ಮೀ. ಕಳೆಯಿರಿ. ಸ್ವಿಫ್ಟಿನ ಹೊಟ್ಟೆ ನೆಲದಿಂದ 16.3 ಸೆಂ.ಮೀ. ಮೇಲಿದೆ ಎನ್ನುವುದು ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ.

ಮಳೆ, ಉಪ್ಪು, ಬಸ್ಸು

ಇವನ್ನು ಬೇಗ ಹೇಳಿ ಮುಗಿಸುತ್ತೇನೆ. ಬಟ್ಟೆಯ ಮಾಡಿನ ಅಂಚಿನಿಂದ ನೀರು ಹರಿದುಹೋಗಲು ಸಣ್ಣ ತೂತುಗಳಿರುತ್ತವೆ. ಮಾವಿನ ಮರದ ಕೆಳಗೆ ನಿಲ್ಲಿಸಿದರೆ ಎಲೆ, ಹೂವು ಬಿದ್ದು ಅವು ಕಟ್ಟಿಕೊಳ್ಳುತ್ತವೆ, ನೀರು ಒಳಗೆ ಬರುತ್ತದೆ. ಜೂನಿಗೆ ಮೊದಲು ತೆರೆದು ತೊಳೆಯಬೇಕು. ಬಟ್ಟೆ ಒದ್ದೆ ಇರುವಾಗ ಮಡಚಿಟ್ಟರೆ ಬೂಸಲು ಗ್ಯಾರಂಟಿ. ಸಮುದ್ರದ ಬದಿ ಮನೆಯಾದರೆ ತಿಂಗಳಿಗೊಮ್ಮೆ ಕೆಳಭಾಗಕ್ಕೆ ಸಿಹಿನೀರು ಹೊಡೆಯಿರಿ.

ಮಾಡು ತೆಗೆದು ಓಡಿಸುವ ದಿನಗಳನ್ನೂ ಕ್ಯಾಲೆಂಡರಿನಲ್ಲಿ ಎಣಿಸಿ ನೋಡಿ. ಮಳೆಗಾಲ ನಾಲ್ಕು ತಿಂಗಳು ಹೋಯಿತು. ಏಪ್ರಿಲ್, ಮೇ ಬಿಸಿಲಿಗೆ ತಲೆ ಕೊಡುವವರು ಯಾರು? ಡಿಸೆಂಬರ್, ಜನವರಿಯ ಬೆಳಿಗ್ಗೆ ಮರವಂತೆ ಕಡೆ ಹೋದರೆ ಅದು ಲಾಭ.

ಇನ್ನು ಬಸ್ಸು. ಬಸ್ಸಿನ ಟೈರೇ ಸುಮಾರು ಒಂದು ಮೀಟರ್ ಎತ್ತರ. 1230 ಮಿ.ಮೀ. ಕಾರಿನಲ್ಲಿ ಕೂತರೆ ಮಂಗಳೂರಿನ ಹಂಪನಕಟ್ಟೆಯ ಸಿಗ್ನಲಿನಲ್ಲಿ ನಿಮ್ಮ ಕಣ್ಣಿನ ಮುಂದೆ ಇರುವುದು ಚಕ್ರದ ನಟ್ಟು. ನಿಮಗೆ ಬಸ್ಸು ಕಾಣುತ್ತದೆ, ಬಸ್ಸಿನವರಿಗೆ ನೀವು ಕಾಣುತ್ತೀರಾ ಎನ್ನುವುದು ಪ್ರಶ್ನೆ. ನಂತೂರಿನಲ್ಲಿ ಪಕ್ಕಕ್ಕೆ ನಿಲ್ಲಲೇಬೇಡಿ, ಹಿಂದೆ ನಿಲ್ಲಿ.

ಕೊನೆಗೆ: ಸಿಗುವುದು ಯಾವುದು?

ಮಾಜ್ದಾ ಭಾರತದಲ್ಲಿ ಕಾರು ಮಾರುತ್ತಿಲ್ಲ. ದುಬೈಯದನ್ನೇ ಹಡಗಿಗೆ ಹಾಕಿ ತರುವ ಎಂದರೆ, ಬಳಸಿದ ಕಾರಿಗೆ ನಮ್ಮ ನಿಯಮದಲ್ಲಿ ಸ್ಟಿಯರಿಂಗ್ ಬಲಗಡೆ ಇರಬೇಕು, ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು. ದುಬೈ ಕಾರಿನ ಸ್ಟಿಯರಿಂಗ್ ಎಡಗಡೆ. ಅಲ್ಲಿಗೆ ಆ ಕತೆ ಮುಗಿಯಿತು. ನಮ್ಮಲ್ಲೂ ಹಿಂದೊಮ್ಮೆ ಗೋವಾದಲ್ಲಿ ಸ್ಯಾನ್ ಸ್ಟಾರ್ಮ್ ಎಂಬ ಎರಡು ಸೀಟಿನ ಫೈಬರ್ ಗ್ಲಾಸ್ ಕಾರು ಮಾಡುತ್ತಿದ್ದರು, ರೆನೋ ಎಂಜಿನ್ ಹಾಕಿ. ಈಗ ಅದನ್ನು ಹುಡುಕಿಕೊಂಡು ಹೋಗಬೇಕು.

ಹೊಸದಾಗಿ ಸಿಗುವುದರಲ್ಲಿ ಈ ರುಚಿಗೆ ಹತ್ತಿರದ್ದು ಹ್ಯುಂಡೈ ಐ20 ಎನ್ ಲೈನ್. 3995 ಮಿ.ಮೀ. ಉದ್ದ, 998 ಸಿಸಿ ಟರ್ಬೊ, 120 ಅಶ್ವಶಕ್ತಿ, ಡಿಕ್ಕಿ 311 ಲೀಟರ್. 4 ಮೀಟರಿನೊಳಗೆ, ಪೆಟ್ರೋಲ್ ಎಂಜಿನ್ 1200 ಸಿಸಿಯೊಳಗೆ ಇರುವುದರಿಂದ ಸೆಪ್ಟೆಂಬರ್ 2025ರಿಂದ ಇಂಥದ್ದಕ್ಕೆ ಜಿಎಸ್‌ಟಿ 18 ಶೇಕಡಾ. ಅದನ್ನು ದಾಟಿದರೆ 40. ಅಗಲ ಮಾತ್ರ 1775, ಭಾವನ ಶೆಡ್ಡಿಗೆ ಇನ್ನೂ ಬಿಗಿ. ಆದರೆ ನಾಲ್ಕು ಬಾಗಿಲಿದೆ, ಅತ್ತೆ ಹತ್ತುತ್ತಾರೆ. ನನ್ನನ್ನು ಕೇಳಿದರೆ ಇದೇ.

ಭಾನುವಾರ ಸಂಜೆ ಎಲ್ಲ ಲೆಕ್ಕ ಬರೆದು, ಸುಣ್ಣದ ಗೆರೆಯ ಫೋಟೋ ಹಿಡಿದು ಭಾವನಿಗೆ ಕಳಿಸಿದೆ. ಓಣಿಯ ಬಾಯಿಯಲ್ಲಿರುವ ಹಂಪು 14 ಸೆಂ.ಮೀ. ಬಂದಿತ್ತು. ಅದರ ಕೆಳಗೆ ಕೆಂಪು ಗೆರೆ ಹಾಕಿದ್ದೆ. ರಾತ್ರಿ ಉತ್ತರ ಬಂತು:

"ಕಾರಿನ ವಿಷಯ ಬಿಡು. ಆ ಹಂಪು ತೆಗೆಸಲಿಕ್ಕೆ ಅರ್ಜಿ ಎಲ್ಲಿ ಕೊಡಬೇಕು?"