ಅಮೆರಿಕದಲ್ಲಿ ಹಳೆಯ ಮನೆ ಕೊಳ್ಳುವವರಿಗೆ

ಸಾಮಾನ್ಯ ಮನೆ ತಪಾಸಣೆಯಲ್ಲಿ ಮೆಥ್ (ಮೆಥಾಂಫೆಟಮೈನ್ ಎಂಬ ಮಾದಕ ವಸ್ತು) ಪರೀಕ್ಷೆ ಸೇರಿರುವುದಿಲ್ಲ. ಹಿಂದೆ ಅಲ್ಲಿ ಮೆಥ್ ತಯಾರಿಸಿದ್ದರೆ ಅದರ ಅಂಶ ಗೋಡೆ, ಕಾರ್ಪೆಟ್, ಗಾಳಿಕೊಳವೆಗಳಲ್ಲಿ ವರ್ಷಗಟ್ಟಲೆ ಉಳಿಯಬಹುದು. ನೆಲದಲ್ಲಿ ಅಂಬೆಗಾಲಿಡುವ ಮಕ್ಕಳಿಗೇ ಅಪಾಯ ಹೆಚ್ಚು. ಹೊಸ ಬಣ್ಣದಡಿಯಿಂದ ಹಳದಿ, ಕಂದು ಕಲೆ ಮೇಲೆದ್ದಿದೆಯೇ ನೋಡಿ. ಬೆಕ್ಕಿನ ಮೂತ್ರದಂಥ ವಾಸನೆ, ಕಿತ್ತುಹಾಕಿದ ಹೊಗೆ ಪತ್ತೆ ಸಾಧನ, ಹಿತ್ತಿಲಲ್ಲಿ ಸುಟ್ಟಂತೆ ಒಣಗಿದ ಹುಲ್ಲು, ನೀಲಿಗಟ್ಟಿದ ಹಿತ್ತಾಳೆ ವಾಲ್ವಿನ ಪ್ರೊಪೇನ್ ಸಿಲಿಂಡರ್ (ಇದು ಮೆಥ್ ತಯಾರಿಕೆಗೆ ಬಳಸುವ ಅಮೋನಿಯದ ಗುರುತು) ಕಂಡರೆ ಎಚ್ಚರ. ಒಂದೇ ಗುರುತಿನಿಂದ ತೀರ್ಮಾನಿಸಬೇಡಿ.

ಅಮೆರಿಕದ ಮಾದಕ ವಸ್ತು ನಿಯಂತ್ರಣ ಸಂಸ್ಥೆ ಡಿಇಎ ಇಂಥ ಮನೆಗಳ ವಿಳಾಸಗಳ ಪಟ್ಟಿ ಪ್ರಕಟಿಸಿದೆ. ಪೊಲೀಸರಿಗೆ ಸಿಗದ ಮನೆಗಳು ಅದರಲ್ಲಿಲ್ಲ. ಅನುಮಾನವಿದ್ದರೆ ಸಹಿ ಹಾಕುವ ಮೊದಲೇ ಗೋಡೆ ಒರೆಸಿ ತೆಗೆದ ಮಾದರಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ನೆರೆಯವರನ್ನೂ ದಯವಿಟ್ಟು ವಿಚಾರಿಸಿ.